ಅಕ್ಕಾರ ಸೇರು

ಕಳೆದ ತಿಂಗಳು ಗೋವೆಯ ಕೊರ್ಲಿಮ್‌ನ ಕನ್ನಡ ಮಂದಿ ಒಂದೆಡೆ ಸೇರಿ, ತೀರಿಕೊಂಡ ಖಾನಾವಳಿಯ ಅಕ್ಕಾರಿಗೆ ಶ್ರದ್ಧಾಂಜಲಿ ಸಲ್ಲಿಸಿದರು. ಮಾತನಾಡಿದವರೆಲ್ಲರೂ ಎರಡು ಸಂಗತಿಗಳನ್ನು ತಪ್ಪದೆ ಹೇಳಿದರು. ಅವರ ಕೈಯೇ ತಕ್ಕಡಿಯಾಗಿತ್ತು, ಅಳತೆಯ ಹಂಗು ಅವರಿಗಿರಲಿಲ್ಲ ಎಂಬುದು ಒಂದು. ಕೊನೆಯ ದಿನದವರೆಗೂ ಅವರು ಒಲೆಯ ಮುಂದೆಯೇ ಇದ್ದರು ಎಂಬುದು ಇನ್ನೊಂದು. ಮೊದಲನೆಯದು ಬಹುಪಾಲು ಸುಳ್ಳು, ಎರಡನೆಯದು ಪೂರ್ತಿ ಸುಳ್ಳು. ಹೂಮಾಲೆ ಹಾಕಿದ ಭಾವಚಿತ್ರದ ಎದುರು ಎದ್ದು ನಿಂತು ಹಾಗೆನ್ನುವುದು ಸರಿ ಕಾಣಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರು ಒಲೆಯನ್ನು ಬಿಟ್ಟದ್ದು ಸಾಯುವುದಕ್ಕೆ ಬಹಳ ಮೊದಲು. ಬಿಟ್ಟ ದಿನ ನಾನು ಅಲ್ಲಿದ್ದೆ.

ಹೆಸರು ಬರೆಯುವುದಿಲ್ಲ. ಖಾನಾವಳಿಗೆ ಫಲಕ ಬರೆಸಿಕೊಡುತ್ತೇವೆಂದು ಕಾರ್ಖಾನೆಯ ಹುಡುಗರು ಮುಂದೆ ಬಂದಾಗ ಅವರೇ ಹೆಸರು ಬೇಡವೆಂದು, ‘ಊಟ ಐತಿ’ ಎಂದಷ್ಟೇ ಬರೆಸಿದವರು. ಎಲ್ಲರಿಗೂ ಅವರು ಅಕ್ಕಾರು. ವಯಸ್ಸಿನಲ್ಲಿ ಹಿರಿಯನಾದ ನನಗೂ ಅಕ್ಕಾರೇ. ನನ್ನನ್ನು ಅವರು ಅಣ್ಣಾರ ಎನ್ನುತ್ತಿದ್ದರು.

ವಿಜಯಪುರದ ಕಡೆಯ ಹೆಂಗಸು. ಗಂಡನೊಡನೆ ವಾಸ್ಕೋ ಬಂದರಿನ ಬಳಿಯ ಬಾಯ್ನಾಕ್ಕೆ ಬಂದು, ಬಂದರಿನ ಹಮಾಲರಿಗೆ ರೊಟ್ಟಿ ಬಡಿದುಕೊಡುತ್ತ ಖಾನಾವಳಿ ಕಟ್ಟಿದರು. ಬಾಯ್ನಾದ ಮನೆಗಳನ್ನು ಸರಕಾರ ಕೆಡವಿದ ಮೇಲೆ, ಗಂಡನೂ ಹೋದ ಮೇಲೆ, ಮಗನನ್ನು ಕರೆದುಕೊಂಡು ಕೊರ್ಲಿಮ್‌ಗೆ ಬಂದರು. ಕೈಗಾರಿಕಾ ವಸಾಹತಿನ ಹಿಂದಿನ ರಸ್ತೆಯಲ್ಲಿ ತಗಡಿನ ಮಾಡು, ಎರಡು ಸಾಲು ಬೆಂಚು, ಒಳಗೆ ಒಲೆ. ನಾನು ಅಲ್ಲಿಯ ಒಂದು ಕಾರ್ಖಾನೆಯ ಗೋದಾಮಿನಲ್ಲಿ ತೂಕದ ಕಾಟಾ ನೋಡಿಕೊಳ್ಳುತ್ತಿದ್ದೆ. ಹೆಂಡತಿ ತೀರಿದಂದಿನಿಂದ ನನ್ನ ಮಧ್ಯಾಹ್ನದ ಊಟ ಅವರಲ್ಲಿಯೇ. ನಿವೃತ್ತಿಯ ನಂತರವೂ ಅದು ನಿಲ್ಲಲಿಲ್ಲ.

ಈಗ ಆ ಕೈಯೇ ತಕ್ಕಡಿ ಎಂಬ ಮಾತು. ಅಕ್ಕಾರು ಅಳೆಯದೆ ಏನನ್ನೂ ಪಾತ್ರೆಗೆ ಹಾಕುತ್ತಿರಲಿಲ್ಲ. ಅವರ ಬಳಿ ಕಬ್ಬಿಣದ ಒಂದು ಸೇರು ಇತ್ತು. ಅದರ ಮರಿಯಂತೆ ಖಾರಪುಡಿ, ಮಸಾಲೆಗಳಿಗೆ ಒಂದು ಪಾವು. ಆ ಸೇರು ಅಜ್ಜಿಯ ಕಾಲದ್ದು, ತವರಿನ ಬಳುವಳಿ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ನಾನು ಅಕ್ಕಾರನ್ನೇ ಒಮ್ಮೆ ಕೇಳಿದ್ದೆ. ಅಜ್ಜಿಯ ಸೇರು ಬಾಯ್ನಾದಲ್ಲಿ ಗೋಡೆಯ ಅಡಿಗೆ ಹೋಯಿತೆಂದೂ ಇದು ವಾಸ್ಕೋದ ಪಾತ್ರೆ ಅಂಗಡಿಯಲ್ಲಿ ಕೊಂಡದ್ದೆಂದೂ ಹೇಳಿದರು. ಹೇಳುವಾಗ ಬೇಳೆ ಆರಿಸುತ್ತಿದ್ದರು, ಆರಿಸುತ್ತಲೇ ಇದ್ದರು.

ಅಳೆಯುವ ರೀತಿಯನ್ನು ನೋಡಬೇಕಿತ್ತು. ಜೋಳದ ಹಿಟ್ಟಾದರೆ ಸೇರನ್ನು ನೆಲಕ್ಕೆ ಎರಡು ಸಲ ಕುಟ್ಟಿ ಇಳಿಸುವರು. ಕಡಲೆಹಿಟ್ಟಾದರೆ ಕುಟ್ಟದೆ ಹಗುರಾಗಿ ತುಂಬುವರು. ಬಳೆಗಳನ್ನು ಮೇಲೇರಿಸಿ, ಅಂಗೈಯ ಅಂಚಿನಿಂದ ಬಾಯಿಯನ್ನು ಒರೆಸಿ ಸಮ ಮಾಡುವರು. ಎಣಿಕೆಯನ್ನು ಬಾಯಿಬಿಟ್ಟೇ ಎಣಿಸುವರು. ಕಣದಲ್ಲಿ ಕಾಳು ಅಳೆಯುವ ನಮ್ಮ ಕಡೆಯವರೆಲ್ಲರಂತೆ ಮೊದಲನೆಯ ಸೇರನ್ನು ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಲಾಭ, ಎರಡು, ಮೂರು, ನಾಲ್ಕು. ಗೋವೆಯಲ್ಲಿ ಹುಟ್ಟಿ ಬೆಳೆದ ಅವರ ಸೊಸೆಗೆ ಇದು ಮೊದಮೊದಲು ನಗೆ ತರಿಸುತ್ತಿತ್ತು. ಅವಳ ಹಿರಿಯರೂ ವಿಜಯಪುರದವರೇ, ಆದರೆ ಅವಳು ಕಂಡದ್ದು ಪೊಟ್ಟಣದ ಬೇಳೆಯನ್ನು ಮಾತ್ರ.

ಉಪ್ಪೊಂದನ್ನು ಅವರು ಅಳೆಯುತ್ತಿರಲಿಲ್ಲ. ಸಭೆಯವರ ಮಾತು ನಿಜವಾಗುವುದು ಇಲ್ಲಿ ಮಾತ್ರ. ಹರಳುಪ್ಪನ್ನು ಮುಷ್ಟಿಯಲ್ಲಿ ತೆಗೆದು ಹಾಕಿ, ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕುವರು. ಕಣ್ಣು ಕಿರಿದಾಗುವುದು. ಬೇಕಾದರೆ ಇನ್ನೊಂದು ಚಿಟಿಕೆ. ಉಳಿದೆಲ್ಲ ಅಳತೆಗಳೂ ಆ ಎರಡು ಹನಿಯ ಮುಂದೆ ಬಂದು ನಿಂತು ತೀರ್ಪು ಕೇಳಬೇಕಾಗಿತ್ತು.

ಉಣ್ಣುವವರು ಹರಟೆಮಲ್ಲರು. ಬಾಗಲಕೋಟೆಯ ಕಡೆಯ ಒಬ್ಬ ವೆಲ್ಡರ್ ಇದ್ದ, ತಾಟು ಮುಟ್ಟುವ ಮೊದಲೇ ತಕರಾರು ತೆಗೆಯುವವನು.

“ಅಕ್ಕಾರ, ಇವತ್ತಿನ ಸಾರಿನಾಗ ಬ್ಯಾಳಿ ಹಿಡಿಬೇಕಂದ್ರ ಈಸ ಬರಬೇಕ್ರಿ.”

“ಈಸ ಬರದವ್ರಿಗಿ ದಂಡಿ ಮ್ಯಾಲ ರೊಟ್ಟಿ ಇಟ್ಟೇನಿ. ಅದನ್ನ ಹಿಡಕೊಂಡ ಕುಂದ್ರ.”

ಬೆಂಚುಗಳೆಲ್ಲ ನಗುತ್ತಿದ್ದವು. ಮರುದಿನ ಸಾರು ಗಟ್ಟಿಯಾಗಿರುತ್ತಿತ್ತು. ಅಕ್ಕಾರು ಎದುರಿಗೆ ಎಷ್ಟೇ ಸೆಟೆದು ಮಾತನಾಡಿದರೂ ತಕರಾರನ್ನು ಮರೆಯುತ್ತಿರಲಿಲ್ಲ. ಯಾರೂ ಏನೂ ಹೇಳದ ದಿನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಹೆಂಗಾಗೈತ್ರಿ?” ಎಂದು ಅವರೇ ಕೇಳುವರು.

ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದ ಆ ಕಾಲದಲ್ಲಿ ಅವರಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಒಯ್ದಿತು. ಕೆಲವು ವಾರಗಳಲ್ಲಿ ರುಚಿ ಮರಳುತ್ತದೆಂದು ಎಲ್ಲರೂ ಹೇಳುತ್ತಿದ್ದರು, ಮೊಬೈಲು ಹೇಳುತ್ತಿತ್ತು, ಆಸ್ಪತ್ರೆಯಲ್ಲಿಯೂ ಹೇಳಿದರು. ಬಹಳಷ್ಟು ಜನರಿಗೆ ಮರಳಿರಲೂಬಹುದು. ಅಕ್ಕಾರಿಗೆ ಮರಳಲಿಲ್ಲ. ಖಾನಾವಳಿ ಮತ್ತೆ ತೆರೆಯುವ ಹೊತ್ತಿಗೆ ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದು, ಸೊಸೆಯ ಎದುರಿಗೇ ವಿಷಯ ತಿಳಿಸಿದರು. ಬೇರೆಯವರ ಕಾಯಿಲೆಯನ್ನು ಹೇಳುವಂತೆ ಹೇಳಿದರು.

“ಬಿಸಿ ಐತಿ ಅನ್ನೂದು ಗೊತ್ತಾಗತೈತಿ, ತಣ್ಣಗೈತಿ ಅನ್ನೂದು ಗೊತ್ತಾಗತೈತಿ. ನಡುವ ಏನೂ ಇಲ್ಲರಿ ಅಣ್ಣಾರ. ಮಣ್ಣ ತಿಂದ್ರ ಮಣ್ಣಿನ ರುಚಿರ ಇರತಿತ್ತು.”

ಡಾಕ್ಟರಿಗೆ ಮತ್ತೊಮ್ಮೆ ತೋರಿಸಬಹುದೆಂದೆ. ತೋರಿಸಿ ಆಗಿತ್ತು. ಅವರಿಗೆ ನನ್ನಿಂದ ಬೇಕಾಗಿದ್ದದ್ದು ಸಮಾಧಾನವಲ್ಲ. ಸೇರನ್ನು ನಂಬುವಂತಿಲ್ಲ ಎಂದರು. ಮಳೆಗಾಲದಲ್ಲಿ ಹಿಟ್ಟು ತೇವ ಹಿಡಿದು ಅಂಟಿಕೊಳ್ಳುತ್ತದೆ, ಖಾರಪುಡಿ ಕೆಳಗಿಳಿದು ಕೂರುತ್ತದೆ. ಅದೇ ಪಾವಿನಲ್ಲಿ ಒಂದು ದಿನ ಹೆಚ್ಚು ಹಿಡಿಸುತ್ತದೆ, ಒಂದು ದಿನ ಕಡಿಮೆ. ಇಷ್ಟು ದಿನ ಆ ಹೆಚ್ಚುಕಡಿಮೆಯನ್ನು ನಾಲಿಗೆ ನೋಡಿಕೊಳ್ಳುತ್ತಿತ್ತು. ಇನ್ನು ನೋಡಿಕೊಳ್ಳುವವರಿಲ್ಲ.

“ನಿಮ್ಮ ಕಾಟಾ ಸುಳ್ಳ ಹೇಳೂದಿಲ್ಲ ಅಂತಿದ್ರಲ್ಲ, ನನಗೊಂದ ಕಾಟಾ ಕೊಡಸ್ರಿ. ಆದ್ರ ಇದು ಹೊರಗ ಹೋಗಬಾರ್ದು. ನಾಲಿಗಿ ಸತ್ತಾಕಿ ಮಾಡಿದ್ದನ್ನ ಯಾರ ಉಣ್ತಾರ?”

ಸೊಸೆ ತಾನು ರುಚಿ ನೋಡುತ್ತೇನೆಂದಳು. ಅಕ್ಕಾರು ತಲೆಯಾಡಿಸಿದರು. ಅವಳ ನಾಲಿಗೆ ಬೇರೆ ಊಟ ಉಂಡು ಬೆಳೆದದ್ದು, ಸಾರಿಗೆ ತೆಂಗಿನಕಾಯಿ ಬೇಡುವ ನಾಲಿಗೆ. ಇನ್ನೊಬ್ಬರ ನಾಲಿಗೆಯಲ್ಲಿ ಅಡುಗೆ ಮಾಡಿದರೆ ಅಡುಗೆ ಅವರದಾಗುತ್ತದೆ ಎಂದರು. ಮತ್ತೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಅಂಕೆ ತೋರಿಸುವ ಒಂದು ಸಣ್ಣ ಕಾಟಾ ತಂದುಕೊಟ್ಟೆ. ಹೀಗೆ ಸೇರನ್ನು ಗ್ರಾಂಗೆ ತಿರುಗಿಸುವ ಕೆಲಸ ಆರಂಭವಾಯಿತು. ಒಂದು ಸೇರು ಎಂದರೆ ಇಷ್ಟು ಗ್ರಾಂ ಎಂದು ಪಂಚಾಂಗದ ಹಿಂಬದಿಯಲ್ಲಿ, ಅಡುಗೆಯ ಪುಸ್ತಕಗಳಲ್ಲಿ, ಈಗ ಮೊಬೈಲಿನಲ್ಲಿಯೂ ಕೋಷ್ಟಕಗಳಿರುತ್ತವೆ. ಸೊಸೆ ಒಂದನ್ನು ತೆಗೆದು ತೋರಿಸಿದಳು. ನಾನು ಬೇಡವೆಂದೆ. ಸೇರು ಅಳೆಯುವುದು ಜಾಗವನ್ನು, ಕಾಟಾ ಅಳೆಯುವುದು ಭಾರವನ್ನು. ಯಾವುದರ ಸೇರು ಎಂದು ಕೇಳದೆ ಇಷ್ಟು ಗ್ರಾಂ ಎಂದು ಹೇಳುವವನು ಎರಡನ್ನೂ ಕಂಡವನಲ್ಲ. ತೊಗರಿಬೇಳೆಯ ಸೇರು ಬೇರೆ, ಜೋಳದ ಹಿಟ್ಟಿನ ಸೇರು ಬೇರೆ. ಕುಟ್ಟಿದ ಹಿಟ್ಟಿನದು ಬೇರೆ, ಕುಟ್ಟದ ಹಿಟ್ಟಿನದು ಬೇರೆ. ಪಾವು ಎಣ್ಣೆ ಪಾವು ನೀರಿಗಿಂತ ಹಗುರ. ಬೆಲ್ಲವಂತೂ ಯಾವ ಅಳತೆಪಾತ್ರೆಯಲ್ಲಿಯೂ ನೆಟ್ಟಗೆ ಕೂರುವುದಿಲ್ಲ. ಹೆಂಟೆಗಳ ನಡುವಿನ ಗಾಳಿಯನ್ನೂ ಬೆಲ್ಲವೆಂದೇ ಎಣಿಸಿದಂತಾಗುತ್ತದೆ. ಆದ್ದರಿಂದ ಅವರ ಸೇರನ್ನೇ, ಅವರ ಕೈಯಿಂದಲೇ ತುಂಬಿಸಿ, ಒಂದೊಂದು ಪದಾರ್ಥವನ್ನೂ ತೂಗಬೇಕೆಂದು ನಿರ್ಧರಿಸಿದೆವು.

ಊಟದ ಗದ್ದಲ ಮುಗಿದ ಮೇಲೆ ಅಕ್ಕಾರು ಸೇರು ಹಿಡಿದು ಕೂರುವರು. ಬೇಳೆಯನ್ನು ಒಂದು ಸೇರು ತುಂಬಿ ಕೊಡುವರು, ಸೊಸೆ ತೂಗಿ ತೂಕ ಹೇಳುವಳು. ದಿನಕ್ಕೆ ಎಷ್ಟು ಸೇರು ಬೇಳೆ ಬೇಕೋ ಅಷ್ಟರಿಂದ ಗುಣಿಸಿದರೆ ದಿನದ ಬೇಳೆಯ ತೂಕ ಬಂತು. ಖಾರಪುಡಿಗೆ ಪಾವಿನಲ್ಲಿ ಹಾಗೆಯೇ, ಮಸಾಲೆಗೆ ಹಾಗೆಯೇ. ಲೆಕ್ಕ ಸರಳವಾಗಿತ್ತು. ಮರುದಿನ ಆ ತೂಕದಂತೆ ಅಡುಗೆಯಾಯಿತು.

ಸಾರಿನಲ್ಲಿ ಸೌಟು ನಿಂತುಕೊಂಡಿತು. ಒಂದು ತುತ್ತಿಗೆ ನನ್ನ ಕಿವಿಗಳು ಬಿಸಿಯಾದವು. ಬೆಂಚುಗಳ ತುಂಬ ಕೆಮ್ಮು. ವೆಲ್ಡರ್ ಕಣ್ಣೊರೆಸಿಕೊಳ್ಳುತ್ತ, ವೆಲ್ಡಿಂಗ್ ಮಾಡುವಾಗ ಹಾಕಿಕೊಳ್ಳುವ ಕನ್ನಡಕವನ್ನು ಊಟಕ್ಕೂ ತರಬೇಕಾಗಿತ್ತು ಎಂದ. ಅಕ್ಕಾರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಖಾರ ಕಡಿಮೆ ಮಾಡಿದರೆ ಬೇಳೆಗೆ ಅದು ಹೊಂದಲಿಲ್ಲ. ಬೇಳೆಗೆ ನೀರು ಬೆರೆಸಿದರೆ ಹುಳಿ ಹೋಯಿತು. ಕೆಲವು ದಿನ ಹೀಗೆಯೇ ಕಳೆದವು.

ನಾನು ಮೊದಲು ಅನುಮಾನಿಸಿದ್ದು ಕಾಟಾವನ್ನು. ಗೋದಾಮಿನಿಂದ ಪಡಿತೂಕದ ಕಲ್ಲುಗಳನ್ನು ಕೇಳಿ ತಂದು ಇಟ್ಟು ನೋಡಿದೆ, ಕಾಟಾ ಸರಿಯಿತ್ತು. ಸೊಸೆಯ ಗುಣಾಕಾರವನ್ನು ನೋಡಿದೆ; ಅದೂ ಸರಿಯಿತ್ತು. ಬೇಳೆ ಹೊಸ ಅಂಗಡಿಯದೇ ಎಂದು ವಿಚಾರಿಸಿದೆ, ಹಳೆಯ ಅಂಗಡಿಯದೇ. ಕೊನೆಗೆ, ತೂಗುವುದನ್ನೆಲ್ಲ ಬಿಟ್ಟು ಒಂದು ದಿನದ ಪೂರ್ತಿ ಬೇಳೆಯನ್ನು ಹಿಂದಿನಂತೆ ಅಳೆಯಿರಿ ಎಂದು ಹೇಳಿ ಪಕ್ಕದಲ್ಲಿ ಕುಳಿತೆ.

ಮೊದಲನೆಯ ಸೇರನ್ನು ಅವರು ಚೀಲದೊಳಗೆ ಆಳಕ್ಕೆ ಇಳಿಸಿ ಎತ್ತಿದರು. ಬೇಳೆ ಸೇರಿನ ಬಾಯಿಯ ಮೇಲೆ ಗೋಪುರವಾಗಿ ಏರಿತ್ತು. ಅಂಚಿನಿಂದ ಕಾಳುಗಳು ಸೂಸಿ ಬೀಳುತ್ತಿದ್ದವು. ಹಾಗೆಯೇ ಪಾತ್ರೆಗೆ ಸುರಿದು ಲಾಭ ಎಂದರು. ಎರಡನೆಯದನ್ನು ಎತ್ತಿ, ಅಂಗೈಯಿಂದ ಒರೆಸಿ, ಸಮ ಮಾಡಿ ಸುರಿದರು. ಮೂರನೆಯದೂ ಸಮ. ನಾಲ್ಕನೆಯದೂ ಸಮ.

ನಾವು ತೂಗಿದ್ದು ಪ್ರತಿಸಲವೂ ಮೊದಲನೆಯ ಸೇರನ್ನು. ಒಂದೇ ಸೇರು ತುಂಬಿದಾಗ ಅದು ಲಾಭವೇ ಆಗಿತ್ತು. ಎಲ್ಲ ಸೇರುಗಳನ್ನೂ ಲಾಭವೆಂದು ತಿಳಿದು ಗುಣಿಸಿದ್ದೆವು. ಖಾರದ ಪಾವಿನಲ್ಲಿಯೂ ಅದೇ, ಮಸಾಲೆಯಲ್ಲಿಯೂ ಅದೇ.

ಇದನ್ನು ವಿವರಿಸಿದಾಗ ಅಕ್ಕಾರು ನನ್ನ ಮುಖವನ್ನು ನೋಡಿದರು. ಮೊದಲನೆಯ ಸೇರಿನ ಗೋಪುರ ಹೆಚ್ಚುವರಿ ಬೇಳೆಯೆಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ. ಹಾಗಾದರೆ ಒಂದು ಸೇರನ್ನು ಮೊದಲಿಗೇ ಒರೆಸಿ ಸಮ ಮಾಡಿ ಕೊಡಿ, ತೂಗಿಬಿಡೋಣ ಎಂದಳು ಸೊಸೆ. ಅಕ್ಕಾರು ಸೇರನ್ನು ತೊಡೆಯ ಮೇಲಿಟ್ಟುಕೊಂಡರು.

“ಲಾಭ ತುಂಬಿ ಸೂಸಬೇಕವಾ. ಅದನ್ನ ಬೋಳ ಹೊಡದ್ರ ಮುಂದಿನ ಸೇರಿಗಿ ಏನ ಹೇಳ್ಲಿ ನಾನು?”

ಸೊಸೆ ನನ್ನ ಕಡೆ ನೋಡಿದಳು. ಈ ವಿಷಯದಲ್ಲಿ ವಾದಿಸಿ ಫಲವಿಲ್ಲವೆಂದು ನನಗೆ ಗೊತ್ತಿತ್ತು. ನನಗೂ ಮೊದಲ ಸೇರನ್ನು ಒರೆಸುವ ಕೈ ಬರುತ್ತಿರಲಿಲ್ಲ. ಒಂದು ಸೇರನ್ನು ತೂಗುವುದನ್ನೇ ಬಿಟ್ಟೆವು. ಇಡೀ ದಿನದ ಬೇಳೆಯನ್ನು ಲಾಭದಿಂದ ಕೊನೆಯ ಸೇರಿನವರೆಗೆ ಅವರೇ ಅಳೆದು ಸುರಿದರು. ಅದನ್ನು ಒಟ್ಟಿಗೆ ತೂಗಿದೆವು. ಲಾಭ ಅದರೊಳಗೇ ಇತ್ತು. ಹಿಟ್ಟು, ಖಾರ, ಮಸಾಲೆ ಎಲ್ಲವೂ ಹೀಗೆಯೇ ಆದವು. ಭಾನುವಾರ ಉಣ್ಣುವವರು ಅರ್ಧವಾಗುತ್ತಿದ್ದುದರಿಂದ ಅದಕ್ಕೆ ಬೇರೆಯೇ ತೂಕ ಹಿಡಿಯಬೇಕಾಯಿತು, ಏಕೆಂದರೆ ಬೇಳೆ ಅರ್ಧವಾದರೂ ಲಾಭ ಅರ್ಧವಾಗುವುದಿಲ್ಲ. ಯಾವ ಕೋಷ್ಟಕದಲ್ಲಿಯೂ ಇದಕ್ಕೆ ಜಾಗವಿಲ್ಲ.

ಉಪ್ಪಿನ ಕೆಲಸ ಕೊನೆಗೆ ಉಳಿಯಿತು. ಅವರ ಮುಷ್ಟಿಯನ್ನು ಕಾಟಾದ ಮೇಲೆ ಬಿಡಿಸಿ ನೋಡಿದೆವು; ಒಂದೊಂದು ಸಲ ಒಂದೊಂದು ತೂಕ. ಕೈಗೂ ನಾಲಿಗೆಯೇ ದಾರಿ ತೋರಿಸುತ್ತಿದ್ದಿರಬೇಕು. ನಾನು ಮತ್ತು ಸೊಸೆ ಹಲವು ಮಧ್ಯಾಹ್ನ ರುಚಿ ನೋಡಿ, ಹಳೆಯ ನೆನಪಿಗೆ ಒಗ್ಗಿಸಿ, ಒಂದು ತೂಕವನ್ನು ನಿಲ್ಲಿಸಿದೆವು. ಪುಡಿಯುಪ್ಪು ಅದೇ ಬಟ್ಟಲಲ್ಲಿ ಹರಳುಪ್ಪಿಗಿಂತ ಭಾರ ತೂಗುತ್ತದೆಂದು ಆಗಲೇ ಅವರಿಗೆ ತೋರಿಸಿದ್ದು. ನೋಡಿದರು, ಹೌದೆಂದರು. ಆಸಕ್ತಿಯಿಂದಲ್ಲ.

ಒಂದು ವರ್ಷಕ್ಕೂ ಮೇಲ್ಪಟ್ಟು ಖಾನಾವಳಿ ಆ ತೂಕಗಳ ಮೇಲೆ ನಡೆಯಿತು. ಸಾರು ಹಿಂದಿನ ಸಾರೇ ಆಗಿತ್ತು. ಇದನ್ನು ನಾನು ದಾಕ್ಷಿಣ್ಯಕ್ಕಾಗಿ ಬರೆಯುತ್ತಿಲ್ಲ. ಹೆಚ್ಚುಕಡಿಮೆಯಾದರೆ ಸರಿಪಡಿಸಲು ಅಕ್ಕಾರಿಗೆ ಬೆಂಚುಗಳ ಗೊಣಗಾಟವಿತ್ತು. ಯಾರಾದರೂ ಹುಳಿ ಎಂದರೆ ಮರುದಿನ ಹುಣಸೆಯ ತೂಕದಲ್ಲಿ ಸ್ವಲ್ಪ ಇಳಿಸುವರು. ಈಗ ನೆನೆದರೆ, ದಿನ ಕಳೆದಂತೆ ಆ ಗೊಣಗಾಟವೂ ಕಡಿಮೆಯಾಗುತ್ತ ಬಂದಿತ್ತು. ಅಡುಗೆ ಹದಕ್ಕೆ ಬಂದಿದೆ ಎಂದು ನಾವು ತಿಳಿದೆವು.

ಅಕ್ಕಾರು ತಮ್ಮ ಊಟವನ್ನು ಎಲ್ಲರೂ ಹೋದ ಮೇಲೆ ಮಾಡುತ್ತಿದ್ದರು. ರೊಟ್ಟಿಯನ್ನು ಸಾರಿನಲ್ಲಿ ಅದ್ದಿ, ಅಗಿದು, ನುಂಗಿ, ಎದ್ದು ಕೈ ತೊಳೆಯುವರು. ಕೆಲವೊಮ್ಮೆ ಬರೀ ರೊಟ್ಟಿ. ಸಾರು ಹಾಕಿಕೊಳ್ಳಲು ಮರೆತಿರುವುದು ಅವರಿಗೆ ತಿಳಿಯುತ್ತಿರಲಿಲ್ಲ.

ಆ ದಿನ ಸೊಸೆ ಜ್ವರ ಬಂದ ತನ್ನ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು. ಉಪ್ಪನ್ನು ತೂಗುವುದು ಅವಳ ಕೆಲಸವಾಗಿತ್ತು: ಬಟ್ಟಲನ್ನು ಕಾಟಾದ ಮೇಲಿಟ್ಟು, ಗುಂಡಿ ಒತ್ತಿ ಸೊನ್ನೆ ಮಾಡಿ, ಆಮೇಲೆ ಉಪ್ಪು ಸುರಿಯುವುದು. ಅಕ್ಕಾರು ಸ್ಟೀಲಿನ ಬಟ್ಟಲನ್ನು ಇಟ್ಟರು, ಗುಂಡಿ ಒತ್ತಲಿಲ್ಲ. ಬೇಕಾದ ಅಂಕೆ ಬರುವವರೆಗೆ ಉಪ್ಪು ಸುರಿದರು. ಬಟ್ಟಲಿನ ತೂಕವೂ ಉಪ್ಪಿನ ಲೆಕ್ಕಕ್ಕೆ ಸೇರಿತು. ಇದನ್ನು ಆಮೇಲೆ ತಿಳಿದುಕೊಂಡೆವು.

ಮೊದಲ ತುತ್ತಿಗೇ ನನಗೆ ಗೊತ್ತಾಯಿತು. ಸಾರಿನಲ್ಲಿಯೂ ಪಲ್ಯದಲ್ಲಿಯೂ ಉಪ್ಪು ಅರ್ಧಕ್ಕರ್ಧ ಇಲ್ಲ. ತಲೆ ಎತ್ತಿ ನೋಡಿದೆ. ಎಲ್ಲರೂ ಉಣ್ಣುತ್ತಿದ್ದರು. ಎದುರು ಬೆಂಚಿನ ವೆಲ್ಡರ್ ಮೇಜಿನ ಉಪ್ಪಿನ ಬಟ್ಟಲಿಗೆ ಕೈಹಾಕಿ, ತಾಟಿಗೆ ಉದುರಿಸಿಕೊಂಡು, ಬಟ್ಟಲನ್ನು ಪಕ್ಕದವನ ಕಡೆ ಸರಿಸಿದ. ಅವನು ಮುಂದಿನವನಿಗೆ ಸರಿಸಿದ. ಬಟ್ಟಲು ಸದ್ದಿಲ್ಲದೆ ಸಾಲಿನ ಕೊನೆಯವರೆಗೆ ಹೋಯಿತು. ಯಾರೋ ಪಾಳಿ ಬದಲಾದ ವಿಷಯ ತೆಗೆದರು, ಅದಕ್ಕೆ ಮತ್ತೊಬ್ಬ ನಕ್ಕ. ಬಟ್ಟಲು ನನ್ನ ಮುಂದೆ ಬಂದಾಗ ನಾನೂ ಹಾಕಿಕೊಂಡೆ.

ಅಕ್ಕಾರು ಬಾಗಿಲಿಗೆ ಬಂದು ಎಂದಿನಂತೆ ಕೇಳಿದರು. ವೆಲ್ಡರ್ ತಾಟಿನಿಂದ ತಲೆ ಎತ್ತದೆ ಹೇಳಿದ:

“ಚಲೋ ಆಗೈತ್ರಿ ಅಕ್ಕಾರ. ಇನ್ನೊಂದ ಸೌಟ ಹಾಕ್ರಿ.”

ಹಾಕಿದರು. ಉಂಡು ಎಲ್ಲರೂ ಹೋದರು. ಮೇಜು ಒರೆಸಲು ಬಂದ ಅಕ್ಕಾರು ಉಪ್ಪಿನ ಬಟ್ಟಲನ್ನು ಎತ್ತಿದರು. ಬೆಳಿಗ್ಗೆ ತುಂಬಿಸಿಟ್ಟದ್ದು, ತಳ ಕಾಣುತ್ತಿತ್ತು. ಇನ್ನೊಂದು ಮೇಜಿನ ಬಟ್ಟಲನ್ನು ನೋಡಿದರು. ಅದೂ ಹಾಗೆಯೇ. ಎರಡನ್ನೂ ಒಂದರೊಳಗೊಂದು ಇಟ್ಟು ನನ್ನ ಎದುರಿನ ಬೆಂಚಿನ ಮೇಲೆ ಕುಳಿತರು.

“ನೀವು ಹೇಳಿದ್ರೇನ್ರಿ?”

ಇಲ್ಲವೆಂದೆ. ನಂಬಿದರು. ಯಾರೂ ಹೇಳಬೇಕಾಗಿರಲಿಲ್ಲ. ಖಾರ ಏರಿದ ಆ ದಿನಗಳಲ್ಲಿಯೇ ಬೆಂಚುಗಳಿಗೆ ಅವರ ನಾಲಿಗೆಯ ವಿಷಯ ತಿಳಿದಿರಬೇಕು. ಅದೇ ಜ್ವರ ಅವರಲ್ಲಿ ಅನೇಕರಿಗೆ ಬಂದು ಹೋಗಿತ್ತು. ಇವೆಲ್ಲ ನನ್ನ ಊಹೆ. ಅವರ್‍ಯಾರೂ ನನ್ನೊಡನೆ ಇಂದಿಗೂ ಆ ಮಾತು ಎತ್ತಿಲ್ಲ.

ಒಳ್ಳೆಯ ಮನಸ್ಸಿನಿಂದಲೇ ಸುಮ್ಮನಿದ್ದಾರೆ, ಬಿಟ್ಟು ಎಲ್ಲಿಗೂ ಹೋಗಿಲ್ಲವಲ್ಲ ಎಂದೆ. ಅಕ್ಕಾರು ಬಟ್ಟಲುಗಳನ್ನೇ ನೋಡುತ್ತಿದ್ದರು. ಅಳಲಿಲ್ಲ. ಸಿಟ್ಟೂ ಕಾಣಲಿಲ್ಲ.

“ಅವ್ರ ಬಯ್ತಾರ ಅಂತ ಇಷ್ಟ ದಿವಸ ಮಾಡಿದ್ನಿರಿ ಅಣ್ಣಾರ. ಅವ್ರ ನಾಲಿಗಿನ ನನ್ನ ನಾಲಿಗಿ ಅಂತ ತಿಳಕೊಂಡಿದ್ನಿ. ಅವ್ರ ಬಯ್ಯೂದ ಬಿಟ್ಟಾರ.”

ಎದ್ದು ಹೋಗಿ ಕಾಟಾದ ಮೇಲೆ ಬಟ್ಟೆ ಮುಚ್ಚಿದರು. ಸಂಜೆ ಸೊಸೆ ಮರಳಿದಾಗ, ನಾಳೆಯಿಂದ ನೀನೇ ಮಾಡವಾ, ನಿನ್ನ ರುಚಿಗೆ ಮಾಡು ಎಂದಷ್ಟೇ ಹೇಳಿದರಂತೆ. ಏಕೆಂದು ಕೇಳಿದರೆ, ಮಗುವಿನ ಜ್ವರ ಹೇಗಿದೆಯೆಂದು ವಿಚಾರಿಸಿದರಂತೆ.

ಮರುದಿನ ಒಲೆಯ ಮುಂದೆ ಸೊಸೆ ಇದ್ದಳು. ಅಕ್ಕಾರು ಹೊರಗೆ, ನೀರಿನ ಪೀಪಾಯಿಯ ಪಕ್ಕದಲ್ಲಿ ಕುಳಿತು ತಾಟು ಒರೆಸುತ್ತಿದ್ದರು. ಸಾರಿಗೆ ತೆಂಗಿನಕಾಯಿ ಬಿದ್ದಿತ್ತು. ಎರಡನೆಯ ತುತ್ತಿಗೆ ವೆಲ್ಡರ್ ತಾಟನ್ನು ಮುಂದೆ ತಳ್ಳಿದ. ಇದು ಸಾರೋ ಪಾಯಸವೋ ಎಂದು ಒಳಗಿನವರಿಗೆ ಕೇಳುವಂತೆ ಕೂಗಿದ. ಬೆಂಚುಗಳು ನಕ್ಕವು, ಇನ್ನೊಬ್ಬ ಖಾರ ಸಾಲದೆಂದ, ಮತ್ತೊಬ್ಬ ಉಪ್ಪು ಜಾಸ್ತಿಯೆಂದ. ಸೊಸೆ ಸೌಟು ಹಿಡಿದೇ ಬಾಗಿಲಿಗೆ ಬಂದು ಅಷ್ಟೇ ಜೋರಾಗಿ ಉತ್ತರ ಕೊಟ್ಟಳು. ಬಹಳ ದಿನಗಳ ಮೇಲೆ ಖಾನಾವಳಿಯಲ್ಲಿ ಗದ್ದಲವೆದ್ದಿತ್ತು. ಅದು ಅಕ್ಕಾರನ್ನು ದಾಟಿಕೊಂಡು ಅಡುಗೆಮನೆಯೊಳಗೆ ಹೋಯಿತು. ಅವರು ಒಂದು ತಾಟನ್ನು ಒರೆಸಿ ಇಟ್ಟು ಇನ್ನೊಂದನ್ನು ಎತ್ತಿಕೊಂಡರು.